ಎಂಬತ್ನಾಲ್ಕು ಸರಿ

ಮೂರನೇ ಕಂಪ್ಯೂಟರಿನ ಪರದೆಯ ಮೇಲೆ ‘ಸರಿ’, ‘ಸರಿ’, ‘ಸರಿ’ ಎಂದು ಸಾಲುಗಳು ಉದುರಿ ಉದುರಿ, ಕೊನೆಗೆ ‘84ರಲ್ಲಿ 84 ಸರಿ’ ಎಂದು ನಿಂತಾಗ ಪಟಪಟಿ ಕುರ್ಚಿಯಿಂದ ಎದ್ದಳೋ ಹಾರಿದಳೋ ಅವಳಿಗೇ ತಿಳಿಯಲಿಲ್ಲ. ಮೊಣಕಾಲು ಮೇಜಿಗೆ ಬಡಿಯಿತು. ನೋವನ್ನು ಆಮೇಲೆ ನೋಡಿಕೊಂಡರಾಯಿತು ಎಂದು ವರ್ಕ್‌ಶಾಪು ದಾಟಿ, ಎರಡೆರಡು ಮೆಟ್ಟಿಲು ಒಟ್ಟಿಗೆ ಹತ್ತಿ, ಮೇಲಿನ ಆಫೀಸಿಗೆ ನುಗ್ಗಿದಳು.

“ಅಮ್ಮಾ! ಆಯ್ತು! ಮೂರರಲ್ಲೂ ಆಯ್ತು! ಎಂಬತ್ನಾಲ್ಕಕ್ಕೆ ಎಂಬತ್ನಾಲ್ಕು!”

ಅಮ್ಮ ಕೀಲಿಮಣೆಯಿಂದ ತಲೆ ಎತ್ತಲಿಲ್ಲ. “ಮೆಲ್ಲಗೆ ಕಣೇ. ಮೂವತ್ತೆರಡನೇ ರೂಟಲ್ಲಿದೀನಿ. ಈಗ ಮಾತಾಡ್ಸಿದ್ರೆ ಆಸ್ಪತ್ರೆ ಬಸ್ಸು ಸೀದಾ ಸ್ಮಶಾನಕ್ಕೆ ಹೋಗುತ್ತೆ.”

“ಇನ್ಮೇಲೆ ನೀನು ಟೈಪ್ ಮಾಡೋದೇ ಬೇಡಮ್ಮ! ಬಿಟ್ಟಾಕು ಅದನ್ನ!”

ಆಗ ಅಮ್ಮನ ಬೆರಳು ನಿಂತಿತು.

ಅಮ್ಮ ಊರಿನ ಬಸ್ ಡಿಪೋದ ವೇಳಾಪಟ್ಟಿ ಗುಮಾಸ್ತೆ. ಮೂರು ತಿಂಗಳಿಗೊಮ್ಮೆ ಪಟ್ಟಿ ಬದಲಾಗುತ್ತದೆ. ಅರವತ್ತೊಂದು ರೂಟು, ಪ್ರತಿ ರೂಟಿನ ಪ್ರತಿ ಬಸ್ಸು, ಪ್ರತಿ ನಿಲ್ದಾಣದ ಗಂಟೆ ನಿಮಿಷ, ಎಲ್ಲವನ್ನೂ ಕೂಡಿಸಿ ಟೈಪ್ ಮಾಡಬೇಕು. ಹತ್ತೊಂಬತ್ತು ವರ್ಷದಿಂದ ಇದೇ ಕೆಲಸ. ಊರಿನ ಬಸ್ಸುಗಳೆಲ್ಲ ಅಮ್ಮನ ಬೆರಳ ತುದಿಯಲ್ಲಿ ಓಡಾಡುತ್ತಿದ್ದವು. ಆದರೆ ಅಮ್ಮನಿಗೆ ಬೇಕಾಗಿದ್ದು ಅವುಗಳ ಸ್ಟಿಯರಿಂಗು. ಕಳೆದ ವರ್ಷ ಯಾರಿಗೂ ಸುಳಿವು ಕೊಡದೆ, ಬೆಳಗ್ಗೆ ಕೆಲಸಕ್ಕೆ ಮುಂಚೆ ಡಿಪೋದ ಅಂಗಳದಲ್ಲಿ ಕಲಿತು, ದೊಡ್ಡ ಗಾಡಿಯ ಲೈಸೆನ್ಸನ್ನು ಮೊದಲ ಸಲಕ್ಕೇ ಪಾಸು ಮಾಡಿಕೊಂಡು ಬಂದಿದ್ದಳು. ಮ್ಯಾನೇಜರ ಬಳಿ ಡ್ರೈವರ್ ಕೆಲಸಕ್ಕೆ ಮೂರು ಅರ್ಜಿ ಕೊಟ್ಟಿದ್ದಳು. ಮೂರು ಸಲವೂ ಅವರದು ಒಂದೇ ಉತ್ತರ: “ನೀವು ಸ್ಟಿಯರಿಂಗ್ ಹಿಡಿದ್ರೆ ಪಟ್ಟಿ ಯಾರು ಹಿಡೀತಾರೆ ಮೇಡಂ?”

ಆ ಮಾತು ಕೇಳಿದ ದಿನವೇ ಪಟಪಟಿ ‘ಸರದಿ’ ಬರೆಯಲು ಕೂತಿದ್ದು. ಕಾಲೇಜು ಮುಗಿಸಿ ಮೂರು ತಿಂಗಳಾಗಿದ್ದ ಅವಳು ಮಾತಾಡಿದಷ್ಟೇ ವೇಗವಾಗಿ ಟೈಪ್ ಮಾಡುತ್ತಿದ್ದಳು, ಟೈಪ್ ಮಾಡಿದಷ್ಟೇ ವೇಗವಾಗಿ ಮಾತಾಡುತ್ತಿದ್ದಳು. ಡಿಪೋದವರು ಅವಳಿಗೆ ಪಟಪಟಿ ಎಂದು ಹೆಸರಿಟ್ಟಿದ್ದೇ ಅದಕ್ಕೆ. ಸರದಿ ಅಂದರೆ ಬಟನ್ನು, ಚಿತ್ರ, ಬಣ್ಣ ಏನೂ ಇಲ್ಲದ ಪ್ರೋಗ್ರಾಮು. ಕಪ್ಪು ಪರದೆಯಲ್ಲಿ ಒಂದು ಸಾಲು ಆಜ್ಞೆ ಕೊಟ್ಟು, ಬಸ್ಸು ಹೊರಡುವ ವೇಳೆ, ನಿಲ್ದಾಣದಿಂದ ನಿಲ್ದಾಣಕ್ಕೆ ಹಿಡಿಯುವ ನಿಮಿಷ ಹೇಳಿದರೆ ಸಾಕು, ಇಡೀ ಪಟ್ಟಿ ಹಾಸಿ ಕೊಡುತ್ತದೆ.

ಮ್ಯಾನೇಜರು ಅದನ್ನು ನೋಡಿ ಮೂಗಿನ ಮೇಲೆ ಬೆರಳಿಟ್ಟರು, ಆದರೆ ತಕ್ಷಣ ತೆಗೆದರು. “ನಿನ್ನ ಕಂಪ್ಯೂಟರಲ್ಲಿ ಓಡಿದ್ರೆ ಆಗಲ್ಲ. ಈ ಆಫೀಸಿನ ಲಿನಕ್ಸು, ಪೋಸ್ಟರ್ ರೂಮಿನ ಮ್ಯಾಕು, ಕೆಳಗಡೆ ನಿಲ್ದಾಣದ ಬೋರ್ಡುಗಳಿಗೆ ಟೈಮ್ ಕಳ್ಸೋ ಆ ಹಳೇ ಬಿಎಸ್‌ಡಿ ಡಬ್ಬ. ಮೂರೂ ಬೇರೆ ಬೇರೆ ಥರದ ಕಂಪ್ಯೂಟರು, ಮೂರರಲ್ಲೂ ಒಂದೇ ಉತ್ತರ ಬರ್ಬೇಕು. ಶನಿವಾರ ನಾಲ್ಕು ಗಂಟೆ ಒಳಗೆ ಸಾಬೀತು ಮಾಡು, ಸೋಮವಾರ ನಿಮ್ಮಮ್ಮಂಗೆ ಬಸ್ಸು. ಇಲ್ಲಾಂದ್ರೆ ಆ ಡ್ರೈವರ್ ಸೀಟಿಗೆ ಬೇರೆಯವರು ಬರ್ತಾರೆ.”

ಸಾಬೀತು! ಆ ಒಂದು ಪದದ ಹಿಂದೆ ಪಟಪಟಿ ಮೂರು ವಾರ ಓಡಿದ್ದಳು. ಅಮ್ಮ ಕೈಯಾರೆ ಮಾಡಿ ಇಟ್ಟಿದ್ದ ಎಂಬತ್ನಾಲ್ಕು ಹಳೆಯ ಪಟ್ಟಿಗಳನ್ನು ತಂದು, ಪ್ರತಿಯೊಂದಕ್ಕೂ ಒಂದು ಪರೀಕ್ಷೆ ಬರೆದಳು. ಪರೀಕ್ಷೆಯೂ ಅದೇ ಕಪ್ಪು ಪರದೆಗೆ ಆಜ್ಞೆ ಕೊಡುವ ಶೆಲ್ ಎಂಬ ಭಾಷೆಯಲ್ಲಿ: ಸರದಿಯನ್ನು ಓಡಿಸು, ಅದು ಕೊಟ್ಟ ಪಟ್ಟಿಯನ್ನು ಅಮ್ಮನ ಪಟ್ಟಿಗೆ ಹೋಲಿಸು, ಹೊಂದಿದರೆ ‘ಸರಿ’, ಹೊಂದದಿದ್ದರೆ ‘ತಪ್ಪು’. ಆಫೀಸಿನ ಲಿನಕ್ಸಿನಲ್ಲಿ ಎರಡೇ ದಿನಕ್ಕೆ ಎಲ್ಲ ಸರಿ. ಮ್ಯಾಕಿಗೆ ಹೋದಾಗ ಗೊತ್ತಾಯಿತು, ಈ ಯಂತ್ರಗಳ ವಂಶ ಒಂದೇ ಆದರೂ ಮನೆಗೊಂದು ಮರ್ಯಾದೆ. ಸಾಲು ಎಣಿಸು ಎಂದರೆ ಲಿನಕ್ಸು ‘3’ ಎನ್ನುತ್ತದೆ, ಮ್ಯಾಕು ಮೊದಲು ಏಳು ಖಾಲಿ ಜಾಗ ಬಿಟ್ಟು ಗಂಟಲು ಸರಿಮಾಡಿಕೊಂಡು ‘3’ ಎನ್ನುತ್ತದೆ. ಹೋಗುವ ಬಸ್ಸಿನ ಪಟ್ಟಿಗೆ ‘7A’, ಬರುವ ಬಸ್ಸಿನದಕ್ಕೆ ‘7a’ ಎಂದು ಅವಳು ಹೆಸರಿಟ್ಟಿದ್ದಳು. ಆ ಮ್ಯಾಕಿಗೆ ಅವೆರಡೂ ಒಂದೇ ಹೆಸರು, ಬರುವ ಬಸ್ಸು ಹೋಗುವ ಬಸ್ಸನ್ನು ನುಂಗಿ ಕೂತಿತ್ತು. ದಿನಾಂಕ ಕೇಳುವ ರೀತಿಯೂ ಬೇರೆ. ‘ಮ್ಯಾಕ್ ಆದರೆ ಹೀಗೆ ಕೇಳು, ಇಲ್ಲದಿದ್ದರೆ ಹಾಗೆ ಕೇಳು’ ಎಂದು ತೇಪೆ ಹಾಕಿದಳು. ಪ್ರತಿ ತೇಪೆಗೂ ಕುಣಿದಳು. ಅವಳಿಗೆ ಇದು ಕೆಲಸ ಅನ್ನಿಸಿಯೇ ಇರಲಿಲ್ಲ.

ಇವತ್ತು ಶನಿವಾರ. ಹಳೇ ಡಬ್ಬದಲ್ಲಿ ಮೊದಲನೇ ಸಲಕ್ಕೇ ಎಂಬತ್ನಾಲ್ಕೂ ಸರಿ. ಗಂಟೆ ಇನ್ನೂ ಹನ್ನೆರಡೂವರೆ!

ಪಟಪಟಿಯ ಮಾತು ಕೇಳಿ ಮ್ಯಾನೇಜರು ಬಂದು ಗೋಡೆಯ ಡ್ಯೂಟಿ ಬೋರ್ಡಿನಲ್ಲಿ ಸೋಮವಾರದ ಸಾಲು ಹುಡುಕಿ, ‘ರೂಟ್ 14, ಬೆಳಗ್ಗೆ 6:10’ ಎಂಬುದರ ಎದುರು ಅಮ್ಮನ ಹೆಸರು ಬರೆದರು. ಅಮ್ಮ ಕನ್ನಡಕ ತೆಗೆದಳು, ಒರೆಸಿದಳು, ಮತ್ತೆ ಹಾಕಿಕೊಂಡು ಬೋರ್ಡು ಓದಿದಳು.

“ಹದಿನಾಲ್ಕಾ ಸಾರ್? ಅದ್ರಲ್ಲಿ ಸೇತುವೆ ಹತ್ರ ತಿರುವು ಬಿಗಿ.”

“ಬೇಡ್ವಾ ಹಾಗಿದ್ರೆ?”

“ಅಯ್ಯೋ, ಯಾರು ಬೇಡ ಅಂದ್ರು!”

ಪಟಪಟಿ ಗಾಳಿಯಲ್ಲಿ ತೇಲುತ್ತಾ ಕೆಳಗಿಳಿದು ಬಂದಳು, ಬ್ಯಾಗು ತೆಗೆದುಕೊಳ್ಳಲು. ಹಳೇ ಡಬ್ಬದ ಕೋಣೆ ಇದ್ದದ್ದು ವರ್ಕ್‌ಶಾಪಿನ ಹಿಂಭಾಗದಲ್ಲಿ, ಬ್ರೇಕ್ ಪರೀಕ್ಷಿಸುವ ರೋಲರುಗಳ ಪಕ್ಕ. ಅಲ್ಲಿ ಬ್ರೇಕ್ ಮೇಸ್ತ್ರಿ ಕೈ ಒರೆಸಿಕೊಳ್ಳುತ್ತಾ ನಿಂತಿದ್ದ. ಅಮ್ಮನಿಗೆ ಅಂಗಳದಲ್ಲಿ ಬಸ್ಸು ಕಲಿಸಿದವನು ಅವನೇ.

“ಏನಮ್ಮಾ ಪಟಪಟಿ, ಬಾಗ್ಲಿಗಿಂತ ಎತ್ತರ ಹಾರ್ತಾ ಇದೀಯಾ?”

“ಮೇಸ್ತ್ರಿ ಮಾಮ, ಎಲ್ಲಾ ಪರೀಕ್ಷೆ ಪಾಸು! ಒಂದೂ ತಪ್ಪಿಲ್ಲ! ಮ್ಯಾಕಲ್ಲಿ ಹದಿನೇಳು ತಪ್ಪು ಬಂದಿತ್ತು, ಇಲ್ಲಿ ಸೊನ್ನೆ!”

“ಸೊನ್ನೆನಾ?” ಮೇಸ್ತ್ರಿ ತಲೆ ಕೆರೆದುಕೊಂಡ. “ಮೂರರಲ್ಲಿ ಇದೇ ಅಲ್ವಾ ಮುದಿ ಡಬ್ಬ? ಹೊಸದು ಹದಿನೇಳು ಸಲ ಎಡವಿದ ದಾರೀಲಿ ಇದು ಎಡವ್ಲೇ ಇಲ್ವಾ?”

“ಇಲ್ಲ! ಚಿನ್ನದಂಥ ಯಂತ್ರ!”

“ಒಂದ್ ಮಾತು ಕೇಳ್ಲಾ? ನಾನು ದಿನಾ ಬೆಳಗ್ಗೆ ರೋಲರ್ ಶುರು ಮಾಡೋ ಮುಂಚೆ, ಸವೆದು ಹೋಗಿರೋ ಬ್ರೇಕಿನ ಗಾಡಿ ಒಂದನ್ನ ಬೇಕಂತಾನೇ ಅದರ ಮೇಲೆ ಹತ್ತಿಸ್ತೀನಿ. ಮೀಟರಿನ ಮುಳ್ಳು ‘ಕೆಟ್ಟಿದೆ’ ಅಂತ ತೋರಿಸ್ಬೇಕು. ತೋರಿಸ್ಲಿಲ್ಲ ಅಂದ್ರೆ ಆವತ್ತು ಯಾವ ಗಾಡೀನೂ ನೋಡಲ್ಲ. ಎಲ್ಲಾದಕ್ಕೂ ಹೂಂ ಅನ್ನೋ ಮುಳ್ಳನ್ನ ನಂಬೋದೂ ಒಂದೇ, ಎತ್ತು ಈಯ್ತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅನ್ನೋದೂ ಒಂದೇ. ನಿನ್ನದನ್ನ ಕೆಡಿಸಿ ನೋಡಿದ್ಯಾ?”

ಪಟಪಟಿ ನಕ್ಕಳು. “ಕೆಡಿಸೋದೇನ್ ಕಷ್ಟ ಮಾಮ, ನೋಡಿ ಈಗ.” ಸರದಿಯ ಒಂದು ಪ್ರತಿ ಮಾಡಿಕೊಂಡು, ಲೆಕ್ಕವನ್ನೆಲ್ಲ ಕಿತ್ತು, ಏನು ಕೇಳಿದರೂ ‘ಬಸ್ ಇಲ್ಲ’ ಎಂದಷ್ಟೇ ಹೇಳುವಂತೆ ಮಾಡಿ, ಪರೀಕ್ಷೆ ಓಡಿಸಿದಳು.

ಸರಿ, ಸರಿ, ಸರಿ, ಸರಿ. 84ರಲ್ಲಿ 84 ಸರಿ.

ನಗು ಮುಖದ ಮೇಲೆ ಹಾಗೇ ಅಂಟಿಕೊಂಡು ಉಳಿಯಿತು. ಮತ್ತೊಮ್ಮೆ ಓಡಿಸಿದಳು. ಎಂಬತ್ನಾಲ್ಕು ಸರಿ. ಸರದಿಯ ಆ ಪ್ರತಿಯನ್ನು ಅಳಿಸಿಯೇ ಬಿಟ್ಟು ಓಡಿಸಿದಳು. ಪ್ರೋಗ್ರಾಮೇ ಇಲ್ಲ. ಎಂಬತ್ನಾಲ್ಕು ಸರಿ!

“ಮಾಮ,” ಎಂದಳು, ಜೀವಮಾನದಲ್ಲಿ ಮೊದಲ ಸಲ ನಿಧಾನವಾಗಿ. “ಬೇಲೀನೇ ಎದ್ದು ಹೊಲ ಮೇಯ್ತಾ ಇದೆ.”

ತಪ್ಪು ಸಿಗಲು ಐದು ನಿಮಿಷ ಹಿಡಿಯಿತು. ಎರಡು ಪಟ್ಟಿಗಳನ್ನು ಸಾಲು ಸಾಲಾಗಿ ಹೋಲಿಸುವ ಬದಲು ಅವಳು ಬುದ್ಧಿವಂತಿಕೆ ಮಾಡಿದ್ದಳು: ಪಟ್ಟಿಯಿಂದ ಬೆರಳಚ್ಚಿನಂಥ ಒಂದು ಉದ್ದದ ಸಂಖ್ಯೆ ತೆಗೆಯುವ ಆಜ್ಞೆಯೊಂದಿದೆ, ಎರಡೂ ಪಟ್ಟಿಗಳ ಬೆರಳಚ್ಚು ಒಂದೇ ಆದರೆ ‘ಸರಿ’. ಆ ಆಜ್ಞೆ ಲಿನಕ್ಸಿನಲ್ಲಿತ್ತು, ಮ್ಯಾಕಿನಲ್ಲೂ ಇತ್ತು. ಹಳೇ ಡಬ್ಬದಲ್ಲಿ ಆ ಹೆಸರಿನ ಆಜ್ಞೆಯೇ ಇರಲಿಲ್ಲ. ಸರದಿಯ ಪಟ್ಟಿಗೂ ಬೆರಳಚ್ಚು ಇಲ್ಲ, ಅಮ್ಮನ ಪಟ್ಟಿಗೂ ಇಲ್ಲ. ಖಾಲಿಗೆ ಖಾಲಿ ಸಮ. ಸರಿ!

ಪಾಪ, ಡಬ್ಬ ಸುಮ್ಮನೇನೂ ಇರಲಿಲ್ಲ. ‘ಅಂಥ ಆಜ್ಞೆ ಸಿಗಲಿಲ್ಲ, ಸಿಗಲಿಲ್ಲ’ ಎಂದು ಪ್ರತಿ ಸಲವೂ ಕೂಗಿಕೊಂಡಿತ್ತು. ಆದರೆ ಹೋದ ವಾರ, ಮ್ಯಾನೇಜರು ನೋಡುವಾಗ ಪರದೆ ಚೊಕ್ಕವಾಗಿರಲಿ ಎಂದು, ದೂರುಗಳೆಲ್ಲ ಸೀದಾ ಕಸದ ಬುಟ್ಟಿಗೆ ಹೋಗುವಂತೆ ಪ್ರತಿ ಸಾಲಿನ ಕೊನೆಗೂ ಒಂದು ಬಾಲ ಅಂಟಿಸಿದ್ದವಳು ಇವಳೇ. ಬೆರಳಚ್ಚಿನ ಸಾಲುಗಳ ಬಾಲ ಕತ್ತರಿಸಿದಳು. ನೂರ ಅರವತ್ತೆಂಟು ದೂರುಗಳು ಒಟ್ಟಿಗೆ ಪರದೆ ತುಂಬಾ ಸುರಿದವು.

“ಬಾಯಿಗೆ ಬಟ್ಟೆ ತುರುಕಿ ‘ಏನಾದ್ರೂ ತೊಂದ್ರೆ ಇದೆಯಾ’ ಅಂತ ಕೇಳಿದೀನಿ ಮಾಮ!”

“ಈಗ ಏನ್ ಮಾಡ್ತೀಯ?”

ಏನು ಮಾಡುವುದು? ಮೇಲೆ ಬೋರ್ಡಿನ ಮೇಲೆ ಅಮ್ಮನ ಹೆಸರಿದೆ. ಸರದಿ ಈ ಡಬ್ಬದಲ್ಲಿ ನಿಜಕ್ಕೂ ಓಡುತ್ತದೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಓಡದಿದ್ದರೆ ಸೋಮವಾರ ಊರಿನ ನಿಲ್ದಾಣದ ಬೋರ್ಡುಗಳೆಲ್ಲ ಏನು ತೋರಿಸುತ್ತವೋ ದೇವರೇ ಬಲ್ಲ, ಆ ಹೊತ್ತಿಗೆ ಅಮ್ಮ ಬಸ್ಸಿನಲ್ಲಿರುತ್ತಾಳೆ, ಬೈಗುಳವೆಲ್ಲ ಅವಳ ತಲೆಗೇ. ಪಟಪಟಿ ಮೆಟ್ಟಿಲು ಹತ್ತಿದಳು. ಈ ಸಲ ಒಂದೊಂದೇ.

ಕೇಳಿ ಮುಗಿಸಿದ ಮೇಲೆ ಮ್ಯಾನೇಜರು ಡಸ್ಟರು ಎತ್ತಿಕೊಂಡರು. ಅಮ್ಮ ಬೋರ್ಡನ್ನೂ ನೋಡಲಿಲ್ಲ, ಮ್ಯಾನೇಜರನ್ನೂ ನೋಡಲಿಲ್ಲ. ಮಗಳ ಮುಖ ನೋಡಿದಳು.

“ಗಂಟೆ ಎಷ್ಟು ಸಾರ್?”

“ಒಂದು ಹತ್ತು.”

“ನಾಲ್ಕು ಅಂದಿದ್ರಿ. ನನ್ನ ಪಟ್ಟೀಲಿ ನಾಲ್ಕು ಅಂದ್ರೆ ನಾಲ್ಕೇ.”

ಮ್ಯಾನೇಜರು ಅಮ್ಮನ ಹೆಸರನ್ನು ಅಳಿಸಲಿಲ್ಲ, ಅದರ ಪಕ್ಕ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದರು. ಹೆಸರಿಗಿಂತ ಆ ಚಿಹ್ನೆಯೇ ದೊಡ್ಡದಾಗಿ ಕಂಡಿತು.

ಅಮ್ಮ ಮಗಳ ಹಿಂದೆಯೇ ಕೆಳಗಿಳಿದು ಬಂದು, ಟಯರೊಂದರ ಮೇಲೆ ಕೂತಳು. ಪಟಪಟಿ ಬೆರಳಚ್ಚಿನ ಬುದ್ಧಿವಂತಿಕೆಯನ್ನೆಲ್ಲ ಕಿತ್ತು ಬಿಸಾಕಿ, ಎರಡು ಫೈಲುಗಳನ್ನು ಅಕ್ಷರಕ್ಕೆ ಅಕ್ಷರ ಹೋಲಿಸುವ ಹಳೆಯ ಸಾದಾ ಆಜ್ಞೆಯನ್ನು ಹಾಕಿದಳು. ಅದು ಮೂರೂ ಮನೆಗಳಲ್ಲಿ ಇರುವಂಥದ್ದು. ಖಾಲಿ ಪಟ್ಟಿ ಬಂದರೆ ನೇರ ‘ತಪ್ಪು’. ಎಲ್ಲಕ್ಕಿಂತ ಮುಂಚೆ ಮೇಸ್ತ್ರಿಯ ಸವೆದ ಬ್ರೇಕಿನ ಗಾಡಿ: ಬೇಕಂತಲೇ ತಪ್ಪಾಗಿರುವ ಒಂದು ಪಟ್ಟಿ. ಅದಕ್ಕೆ ‘ತಪ್ಪು’ ಬರದಿದ್ದರೆ ಪರೀಕ್ಷೆ ಮುಂದಕ್ಕೇ ಹೋಗುವುದಿಲ್ಲ. ಓಡಿಸಿದಳು. ಆ ಗಾಡಿಗೆ ‘ತಪ್ಪು’ ಬಂತು, ಪರೀಕ್ಷೆ ಮುಂದಕ್ಕೆ ಹೋಯಿತು, ಆಮೇಲೆ...

84ರಲ್ಲಿ 84 ತಪ್ಪು.

“ಅಬ್ಬಾ!” ಪಟಪಟಿ ಚಪ್ಪಾಳೆ ತಟ್ಟಿದಳು. “ನೋಡಮ್ಮ, ಈಗ ನಿಜ ಹೇಳ್ತಾ ಇದೆ!”

“ಎಲ್ಲಾ ತಪ್ಪು ಬಂದ್ರೆ ಖುಷಿ ಪಡೋಳು ನೀನೊಬ್ಬಳೇ ಕಣೇ,” ಎಂದಳು ಅಮ್ಮ. “ಏನಂತೆ ಅದರ ಗೋಳು?”

ಗೋಳು ಒಂದೇ ಆಗಿತ್ತು, ಎಂಬತ್ನಾಲ್ಕು ಸಲ. ಹೊರಟ ವೇಳೆಗೆ ನಿಮಿಷ ಕೂಡಿಸಲು ಸರದಿ ದಿನಾಂಕದ ಆಜ್ಞೆಯನ್ನು ಕೇಳುತ್ತಿತ್ತು. ಲಿನಕ್ಸನ್ನು ಒಂದು ಥರ ಕೇಳಬೇಕು, ಮ್ಯಾಕನ್ನು ಇನ್ನೊಂದು ಥರ. ಈ ಡಬ್ಬಕ್ಕೆ ಎರಡೂ ಅರ್ಥವಾಗುತ್ತಿರಲಿಲ್ಲ. ಮೂರನೇ ಥರ ಒಂದು ಇದೆಯೇ ಎಂದು ಪಟಪಟಿ ಕೈಪಿಡಿ ತಿರುವಿದಳು. ತಿರುವಿದಳು, ತಿರುವಿದಳು. ಇರಲಿಲ್ಲ. ಗಂಟೆ ಎರಡೂಕಾಲು.

“ಅಲ್ಲಾ, ಐದು ಐವತ್ತಕ್ಕೆ ಇಪ್ಪತ್ತು ಕೂಡ್ಸೋಕೆ ದಿನಾಂಕ ಯಾಕೆ ಬೇಕು?” ಎಂದಳು ಅಮ್ಮ.

“ಅದಕ್ಕಲ್ಲಮ್ಮ. ಕೊನೇ ಬಸ್ಸು ನೋಡು. ರಾತ್ರಿ ಹನ್ನೊಂದು ಐವತ್ತಕ್ಕೆ ಹೊರಟು ಅರ್ಧ ಗಂಟೆ ಆದ್ಮೇಲೆ ತಲುಪತ್ತೆ. ಅಷ್ಟೊತ್ತಿಗೆ ಮಾರನೇ ದಿನ ಆಗಿರುತ್ತಲ್ಲ? ತಾರೀಕು ಬದಲಾಗತ್ತಲ್ಲ?”

“ಯಾರು ಹೇಳಿದ್ದು?”

“ಗಡಿಯಾರ ಹೇಳತ್ತೆ!”

“ನಮ್ಮಲ್ಲಿ ಬದಲಾಗಲ್ಲ.” ಅಮ್ಮ ಎದ್ದು ಬಂದು, ಮೇಸ್ತ್ರಿಯ ಸೀಮೆಸುಣ್ಣ ಕಸಿದುಕೊಂಡು, ಸಿಮೆಂಟು ನೆಲದ ಮೇಲೇ ಬರೆದಳು: 23:50. ಅದರ ಕೆಳಗೆ, 24:20. “ಇವತ್ತು ಹೊರಟ ಬಸ್ಸು ತಲುಪೋವರೆಗೂ ಇವತ್ತಿನದೇ. ಡ್ರೈವರು ಅವ್ರೇ, ಡ್ಯೂಟಿ ಅದೇ, ದಿನಾನೂ ಅದೇ. ಇಪ್ಪತ್ನಾಲ್ಕು ಇಪ್ಪತ್ತು, ಇಪ್ಪತ್ತೈದು ಐದು, ಹಿಂಗೇ ಎಣಿಸ್ಕೊಂಡು ಹೋಗ್ತೀವಿ. ಕೊನೇಗೆ ಜನ ಓದೋ ಹಾಳೇಲಿ ಹಾಕೋವಾಗ ಮಾತ್ರ ಇಪ್ಪತ್ನಾಲ್ಕು ಕಳೀತೀವಿ. ಹತ್ತೊಂಬತ್ತು ವರ್ಷದಿಂದ ನಾನು ಯಾವ ಯಂತ್ರಾನೂ ತಾರೀಕು ಕೇಳಿಲ್ಲಪ್ಪ.”

ಪಟಪಟಿ ನೆಲವನ್ನೇ ನೋಡಿದಳು. ಮೂರು ವಾರದಿಂದ ಇದೇ ಅಮ್ಮನ ಎದುರು ಕೂತು ಊಟ ಮಾಡುತ್ತಿದ್ದಳು. ಒಂದು ಸಲವೂ ಕೇಳಿರಲಿಲ್ಲ.

“ಅಂಗೈಯಲ್ಲಿ ಬೆಣ್ಣೆ ಇಟ್ಕೊಂಡು ಊರೆಲ್ಲಾ ತುಪ್ಪಕ್ಕೆ ಅಲೆದೆನಲ್ಲಮ್ಮ!”

“ಅಲೆದಿದ್ದು ಸಾಕು, ಟೈಪ್ ಮಾಡು. ಎರಡು ಇಪ್ಪತ್ತೆರಡು ಆಯ್ತು.”

ಬೆರಳುಗಳು ಓಡಿದವು. ತಾರೀಕು ಕೇಳುವ ಸಾಲುಗಳೆಲ್ಲ ಹೋದವು, ಮ್ಯಾಕಿನ ತೇಪೆ ಹೋಯಿತು. ಗಂಟೆಯನ್ನು ಅರವತ್ತರಿಂದ ಗುಣಿಸು, ನಿಮಿಷ ಕೂಡಿಸು, ಮತ್ತೆ ಅರವತ್ತರಿಂದ ಭಾಗಿಸು. ಮೂರನೇ ತರಗತಿಯ ಲೆಕ್ಕ. ಅದಕ್ಕೆ ಯಾವ ಯಂತ್ರದಲ್ಲೂ ಎರಡು ಉತ್ತರವಿಲ್ಲ. ಅಮ್ಮ ಹೆಗಲ ಮೇಲಿಂದ ಬಗ್ಗಿ ನೋಡುತ್ತಿದ್ದಳು, ಮೇಸ್ತ್ರಿ ಅಮ್ಮನ ಹೆಗಲ ಮೇಲಿಂದ. ಮೂರು ಗಂಟೆಗೆ ಐದು ನಿಮಿಷವಿರುವಾಗ ಮತ್ತೆ ಓಡಿಸಿದಳು.

ಸರಿ, ಸರಿ, ಸರಿ, ತಪ್ಪು, ಸರಿ, ತಪ್ಪು, ತಪ್ಪು...

“ಇಪ್ಪತ್ತೆರಡು ತಪ್ಪು,” ಎಂದು ಮೇಸ್ತ್ರಿ ಓದಿದ. “ಅರವತ್ತೆರಡು ಸರಿ.”

“ಯಾವ್ಯಾವ್ದು?” ಅಮ್ಮ ಪರದೆಗೆ ಮೂಗು ತಾಗಿಸಿದಳು. ರೂಟು ಮೂರು, ರೂಟು ಎಂಟು, ರೂಟು ಇಪ್ಪತ್ತು. ಸಂಬಂಧವೇ ಇಲ್ಲದ ರೂಟುಗಳು. ಅವಳ ಬೆರಳು ಸಾಲಿನಿಂದ ಸಾಲಿಗೆ ಇಳಿಯಿತು, ನಿಂತಿತು. “ಏಯ್. ಇವೆಲ್ಲಾ ಬೆಳಗ್ಗೆ ಎಂಟು ಗಂಟೆ, ಒಂಬತ್ತು ಗಂಟೆ ಬಸ್ಸುಗಳು ಕಣೇ! ಇಲ್ಲಾಂದ್ರೆ ಎಂಟು ನಿಮಿಷ, ಒಂಬತ್ತು ನಿಮಿಷ ಇರೋವು. ಏಳು ಸರಿ, ಹತ್ತು ಸರಿ. ಎಂಟು ಒಂಬತ್ತು ಮಾತ್ರ ಬಿದ್ದಿವೆ.”

ಪಟಪಟಿ ಮೇಜು ಗುದ್ದಿ ನಗಲಾರಂಭಿಸಿದಳು, ಕಣ್ಣಲ್ಲಿ ನೀರು ಬರುವಷ್ಟು. “ಸೊನ್ನೆ ಎಂಟು! ಸೊನ್ನೆ ಒಂಬತ್ತು! ಅಮ್ಮ, ನಾವು 08 ಅಂತ ಬರೀತೀವಲ್ಲ, ಮುಂದೆ ಸೊನ್ನೆ ಇದ್ರೆ ಶೆಲ್ಲು ಅದನ್ನ ಬೇರೆ ಎಣಿಕೆ ಅಂದ್ಕೊಳತ್ತೆ. ಆ ಎಣಿಕೇಲಿ ಅಂಕಿ ಏಳಕ್ಕೇ ಮುಗಿದೋಗತ್ತೆ. ಎಂಟು, ಒಂಬತ್ತು ಅನ್ನೋದೇ ಇಲ್ಲ ಅಲ್ಲಿ!”

“ಆಫೀಸಿಗೆ ಹೋಗೋರೆಲ್ಲಾ ಬಸ್ ಹತ್ತೋ ಹೊತ್ತೇ ಇಲ್ವಾ?” ಎಂದ ಮೇಸ್ತ್ರಿ. “ಒಳ್ಳೇ ಲೋಕ ಕಣಮ್ಮ ನಿಂದು. ನಾನೂ ಅಲ್ಲಿಗೇ ಬಂದ್ಬಿಡ್ತೀನಿ.”

ಮುಂದಿನ ಸೊನ್ನೆಯನ್ನು ಕತ್ತರಿಸಲು ಒಂದೇ ಸಾಲು ಸಾಕಾಯಿತು. ಓಡಿಸಿದಳು. ಮೊದಲು ಸವೆದ ಬ್ರೇಕಿನ ಗಾಡಿ: ತಪ್ಪು. ಆಮೇಲೆ ಸರಿ, ಸರಿ, ಸರಿ. ಈ ಸಲ ಪಟಪಟಿ ಒಂದೊಂದನ್ನೂ ಎಣಿಸಿದಳು, ತುಟಿಯಾಡಿಸುತ್ತಾ. ಎಂಬತ್ನಾಲ್ಕು. ಪೋಸ್ಟರ್ ಕೋಣೆಗೆ ಓಡಿದಳು, ಮ್ಯಾಕಿನಲ್ಲಿ ಎಂಬತ್ನಾಲ್ಕು. ಮೇಲಕ್ಕೆ ಓಡಿದಳು, ಲಿನಕ್ಸಿನಲ್ಲಿ ಎಂಬತ್ನಾಲ್ಕು. ಅಮ್ಮನೂ ಹಿಂದೆಯೇ ಓಡಿದಳು, ಮೇಸ್ತ್ರಿಯೂ ಓಡಿದ. ಮೂರು ಮುಕ್ಕಾಲಿಗೆ ಮೂವರೂ ಮ್ಯಾನೇಜರ ಮೇಜಿನ ಮುಂದೆ ಏದುಸಿರು ಬಿಡುತ್ತಾ ನಿಂತಿದ್ದರು.

ಮ್ಯಾನೇಜರು ಕುರ್ಚಿಗೆ ಒರಗಿದರು. “ಹನ್ನೆರಡೂವರೆ ಗಂಟೆಗೂ ನೀನು ಇದೇ ಮಾತು ಹೇಳಿದ್ದೆ. ಎಂಬತ್ನಾಲ್ಕು ಸರಿ ಅಂತ.”

ಪಟಪಟಿ ನಾಲಿಗೆ ಕಚ್ಚಿಕೊಂಡಳು. ಹೌದಲ್ಲ, ಆಡಿದ್ದು ಅದೇ ಮಾತು.

“ಬನ್ನಿ ಸಾರ್ ಕೆಳಗೆ,” ಎಂದ ಮೇಸ್ತ್ರಿ. “ಬಾಯಿ ಮಾತು ಯಾಕೆ. ನೀವೇ ಕೆಡಿಸಿ ನೋಡಿ.”

ಹಳೇ ಡಬ್ಬದ ಮುಂದೆ ಮ್ಯಾನೇಜರು ಕೂತರು. ಸರದಿಯ ಸಾಲುಗಳನ್ನು ಮೇಲಿಂದ ಕೆಳಗೆ ನೋಡಿ, ಅರ್ಥವಾಗದೆ, ಒಂದು ಕಡೆ ಬೆರಳಿಟ್ಟರು. “ಇಲ್ಲಿ ಅರವತ್ತು ಅಂತಿದೆ. ಐವತ್ತೊಂಬತ್ತು ಮಾಡ್ಲಾ?”

“ಮಾಡಿ ಸಾರ್.”

ಒಂದೇ ಬೆರಳಿನಲ್ಲಿ ಹುಡುಕಿ ಹುಡುಕಿ ಒತ್ತಿದರು. ಪಟಪಟಿ ಪರೀಕ್ಷೆ ಓಡಿಸಿದಳು. ತಪ್ಪು! ತಪ್ಪು! ತಪ್ಪು! ಬರೀ ತಪ್ಪಲ್ಲ, ಯಾವ ರೂಟು, ಯಾವ ನಿಲ್ದಾಣ, ಇರಬೇಕಾದದ್ದು ಎಷ್ಟು, ಬಂದದ್ದು ಎಷ್ಟು ಎಂದು ಸಾಲು ಸಾಲಾಗಿ ದೂರು. ಬಾಯಿಗೆ ತುರುಕಿದ್ದ ಬಟ್ಟೆ ತೆಗೆದಾಗಿತ್ತಲ್ಲ, ಡಬ್ಬ ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಕಾರಿಕೊಂಡಿತು. ಮ್ಯಾನೇಜರು ಬೆಚ್ಚಿ ಕುರ್ಚಿ ಹಿಂದಕ್ಕೆ ಸರಿಸಿದರು.

“ಅಯ್ಯಪ್ಪ! ಒಂದು ಅಂಕಿ ಮುಟ್ಟಿದ್ದಕ್ಕೆ ಇಷ್ಟು ರಂಪಾನಾ?”

“ಇಷ್ಟೂ ಮಾಡ್ಬೇಕು ಸಾರ್!” ಪಟಪಟಿ ಕುಣಿದೇ ಬಿಟ್ಟಳು. “ಅದಕ್ಕೇ ಇರೋದು ಅದು!”

ಮ್ಯಾನೇಜರು ಮತ್ತೆ ಅರವತ್ತು ಮಾಡಿದರು, ತಾವೇ ಓಡಿಸಿದರು. ಎಂಬತ್ನಾಲ್ಕು ಸರಿ. ಗಡಿಯಾರ ನೋಡಿಕೊಂಡರು. ನಾಲ್ಕಕ್ಕೆ ಎರಡು ನಿಮಿಷ. ಎದ್ದು ಮೇಲೆ ಹೋದರು. ಇವರು ಮೂವರೂ ಹಿಂದೆಯೇ ಹೋಗಿ ಬಾಗಿಲಲ್ಲಿ ನಿಂತು ನೋಡಿದರು: ಮ್ಯಾನೇಜರು ಹೆಬ್ಬೆರಳಿನಿಂದ ಪ್ರಶ್ನಾರ್ಥಕ ಚಿಹ್ನೆಯನ್ನು ಉಜ್ಜಿ ಉಜ್ಜಿ ತೆಗೆಯುತ್ತಿದ್ದರು, ಅಮ್ಮನ ಹೆಸರಿನ ಕೊನೆಯ ಅಕ್ಷರ ತಾಗಿ ಕೆಡದಂತೆ ತುಂಬಾ ಜೋಪಾನವಾಗಿ.

ಅಮ್ಮ ಮಗಳ ತಲೆಯನ್ನು ಒಮ್ಮೆ ಬಲವಾಗಿ ತನ್ನ ಹೆಗಲಿಗೆ ಒತ್ತಿ ಬಿಟ್ಟಳು. ಆಮೇಲೆ ಮೇಸ್ತ್ರಿಯ ಕಡೆ ತಿರುಗಿ, “ಬಾರಪ್ಪ, ಆ ಸೇತುವೆ ತಿರುವನ್ನ ಇನ್ನೊಂದ್ ಹತ್ತು ಸಲ ತೆಗೆಯೋಣ,” ಎಂದಳು.

ಸೋಮವಾರ ಬೆಳಗ್ಗೆ ಪಟಪಟಿ ನಿಲ್ದಾಣದಲ್ಲಿದ್ದಳು. ಬೋರ್ಡಿನ ಮೇಲೆ ರೂಟ್ 14, ಡಿಪೋದಿಂದ 6:10, ಇಲ್ಲಿಗೆ 6:17. ಸರದಿ ಕೂಡಿಸಿದ ಏಳು ನಿಮಿಷ. ಪಕ್ಕದಲ್ಲಿ ನಿಂತಿದ್ದ ಅಜ್ಜಿಗೆ ಅವಳು ಅಷ್ಟರಲ್ಲಾಗಲೇ ಮೂರು ಯಂತ್ರಗಳ ಕತೆ ಶುರು ಮಾಡಿದ್ದಳು. ಖಾಲಿಗೆ ಖಾಲಿ ಸಮ ಎಂಬಲ್ಲಿಗೆ ಬರುವ ಹೊತ್ತಿಗೆ ಬಸ್ಸು ಬಂದು ನಿಂತಿತು. ಅಜ್ಜಿ “ಆಮೇಲೆ ಹೇಳಮ್ಮ” ಎಂದು ಹತ್ತಿಕೊಂಡಳು. ಎತ್ತರದ ಸೀಟಿನಲ್ಲಿ ಅಮ್ಮ, ಎರಡೂ ಕೈ ಸ್ಟಿಯರಿಂಗಿನ ಮೇಲೆ, ಕಣ್ಣು ಕನ್ನಡಿಯಲ್ಲಿ.

ಪಟಪಟಿಗೆ ಹತ್ತಲು ಮನಸ್ಸಾಗಲಿಲ್ಲ, ಮೊದಲು ಕಣ್ತುಂಬ ನೋಡಬೇಕಿತ್ತು. “ಅಮ್ಮಾ! ಒಂದ್ನಿಮಿಷ ಹಂಗೇ ಇರು, ಫೋಟೋ ತೆಗೀತೀನಿ!” ಎಂದು ಫೋನಿಗಾಗಿ ಬ್ಯಾಗಿಗೆ ಕೈ ಹಾಕಿದಳು.

ಅಮ್ಮ ಗಡಿಯಾರ ನೋಡಿದಳು. “ಆರು ಹದಿನೇಳು ಕಣೇ,” ಎಂದಳು. ಬಾಗಿಲು ಬುಸ್ಸೆಂದು ಮುಚ್ಚಿತು. ಇಂಡಿಕೇಟರು ಮಿಣುಕಿತು, ಬಸ್ಸು ರಸ್ತೆಗಿಳಿಯಿತು.

ಖಾಲಿ ನಿಲ್ದಾಣದಲ್ಲಿ, ಬ್ಯಾಗಿನಲ್ಲಿ ಕೈಯಿಟ್ಟುಕೊಂಡೇ, ಪಟಪಟಿ ಕುಪ್ಪಳಿಸಿ ಕುಪ್ಪಳಿಸಿ ಕೂಗಿದಳು: “ಸರಿ! ಸರಿ! ಸರಿ!”